ಕೆಂಪು ಪಟ್ಟಿಯ ಸೌಟು

ಎಲ್ಲರೂ ಇನ್‌ಸ್ಪೆಕ್ಟರ್ ಎಂದೇ ಕರೆಯುತ್ತಿದ್ದ ಆ ಮನುಷ್ಯ ಮೂವತ್ತಾರು ವರ್ಷ ಬದುಕಿದ್ದು ಬೇಳೆ, ಸೊಪ್ಪು, ಮಜ್ಜಿಗೆಯ ಮೇಲೆ. ಪುರಸಭೆಯ ಆರೋಗ್ಯ ಶಾಖೆಯಲ್ಲಿ ಹನ್ನೆರಡು ವರ್ಷದಿಂದ ಅವನ ಕೆಲಸವೇ ಬೇರೆಯವರ ಅಡುಗೆಮನೆಗೆ ನುಗ್ಗುವುದು. ಹೋಟೆಲಿನ ಹಿತ್ತಲು, ಬೇಕರಿಯ ಒಲೆಯ ಸಂದಿ, ನೀರಿನ ತೊಟ್ಟಿ, ಚರಂಡಿ ಯಾವುದನ್ನೂ ಬಿಡದೆ ಬಗ್ಗಿ ನೋಡಿ ಷರಾ ಬರೆಯುತ್ತಿದ್ದ. ಮೀನಿನ ಅಂಗಡಿಗೆ ಹೋದರೆ ಮಾತ್ರ ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಕಿವಿರು ಕೆಂಪಗಿದೆಯೇ ಎಂದು ದೂರದಿಂದಲೇ ನೋಡಿ ಸಹಿ ಹಾಕಿ, ಮನೆಗೆ ಬಂದವನೇ ಸ್ನಾನಕ್ಕಿಳಿಯುತ್ತಿದ್ದ. ಅಂಥವನು ಹೊರದೇಶಕ್ಕೆ ಓದಲು ಹೋಗಿ ಮೀನಿಗೆ ಮನಸೋತ. ಬರೀ ಮನಸೋತಿದ್ದರೆ ಇದನ್ನು ಹೇಳುವ ಅಗತ್ಯವೇ ಇರಲಿಲ್ಲ.

ಅದು ಸರ್ಕಾರ ಕಳಿಸಿದ ಒಂದು ವರ್ಷದ ಕೋರ್ಸು, ಸಾರ್ವಜನಿಕ ಆರೋಗ್ಯದ್ದು. ವರ್ಷವಿಡೀ ಬೆವರಿಳಿಸುವ ದೇಶ; ಬೆಳಿಗ್ಗೆ ಒಗೆದ ಅಂಗಿ ಸಂಜೆಗೂ ಒಣಗದು, ಪುಸ್ತಕದ ರಟ್ಟಿನ ಮೇಲೆ ಬೂಷ್ಟು ಹಿಡಿಯುವುದು. ಊರಿನ ಕಡೆಯಿಂದ ಹೋದವರು ಮೂವರು. ಒಬ್ಬರು ಡಾಕ್ಟರು, ಐವತ್ತು ದಾಟಿದ ಹಿರಿಯ ಆರೋಗ್ಯಾಧಿಕಾರಿ, ಕಟ್ಟಾ ಸಸ್ಯಾಹಾರಿ. ಇನ್ನೊಬ್ಬ ರೋಗಗಳ ಅಂಕಿಅಂಶ ಬರೆಯುವವನು. ಯಾವ ಮಾತಿಗೂ ಶೇಕಡಾ ಹಾಕುತ್ತಿದ್ದುದರಿಂದ ಅವನಿಗೆ ಲೆಕ್ಕದಯ್ಯ ಎಂದು ಹೆಸರು ಬಿದ್ದಿತ್ತು. ಮೂರನೆಯವನು ನಮ್ಮ ಇನ್‌ಸ್ಪೆಕ್ಟರ್. ಅವನಿಗೆ ಡಾಕ್ಟರೆಂದರೆ ಗೌರವಕ್ಕಿಂತ ಅಂಜಿಕೆ ಹೆಚ್ಚು. ಯಾಕೆಂದರೆ ಊರಿನಲ್ಲಿ ಡಾಕ್ಟರ ಮನೆಗೂ ಅವನ ಮಾವನ ಮನೆಗೂ ನಡುವೆ ಇದ್ದದ್ದು ಒಂದೇ ಕಾಂಪೌಂಡ್ ಗೋಡೆ. ಈ ಕಡೆ ಯಾರಾದರೂ ಕೆಮ್ಮಿದರೆ ಆ ಕಡೆ ಕಷಾಯ ಕಾಯಿಸುವಷ್ಟು ಹತ್ತಿರ.

ಹಾಸ್ಟೆಲಿನ ಅಡುಗೆಯ ಗುತ್ತಿಗೆ ಅಲ್ಲಿಯದೇ ಒಬ್ಬ ಹೆಂಗಸಿನದು. ಐವತ್ತರ ಆಸುಪಾಸು, ಗಟ್ಟಿ ಮೈಕಟ್ಟು, ಬೆಂಕಿಯ ಮುಂದೆ ನಿಂತೂ ನಿಂತೂ ಕೆಂಪಾದ ಮುಂಗೈ. ಮೊದಲ ವಾರವೇ ಡಾಕ್ಟರು, "ಏನ್ರೀ, ಒಂದು ಸಲ ಒಳಗೆ ಹೋಗಿ ನೋಡ್ಕೊಂಡು ಬನ್ನಿ. ಮೀನು ಮಾಡೋ ಕಡೆ ನಮ್ಮ ಅಡುಗೇನೂ ಆಗುತ್ತೆ. ನನಗೆ ಮನಸ್ಸು ತಡೀತಿಲ್ಲ," ಎಂದರು. ಅವನು ಹೋದ. ಹನ್ನೆರಡು ವರ್ಷದಲ್ಲಿ ಅಷ್ಟು ಚೊಕ್ಕಟವಾದ ಅಡುಗೆಮನೆ ನೋಡಿರಲಿಲ್ಲ. ಹೆಚ್ಚುವ ಹಲಗೆಗಳು ಬಿಸಿಲಿಗೆ ಒರಗಿದ್ದವು. ಅಕ್ಕಿಮೂಟೆಗಳು ಗೋಡೆಗೆ ತಾಗದಂತೆ ಮಣೆಯ ಮೇಲೆ ಕೂತಿದ್ದವು. ಮೀನಿನ ಒಲೆ ಒಂದು ಕಡೆ, ತರಕಾರಿಯ ಒಲೆ ಒಂದು ಕಡೆ, ನಡುವೆ ಒಂದು ಕಟ್ಟೆ. ತಪ್ಪು ಹುಡುಕಲೇಬೇಕೆಂದು ಹುಡುಕಿದಾಗ ಸಿಕ್ಕಿದ್ದು ಒಂದೇ, ಎರಡು ಕಡೆಯ ಸೌಟುಗಳೂ ಒಂದೇ ಥರ ಇದ್ದವು.

"ಗುರುತು ಮಾಡಿಡಿ ಅಕ್ಕ," ಎಂದ. ಇಬ್ಬರೂ ಮಾತಾಡುತ್ತಿದ್ದದ್ದು ಇಬ್ಬರಿಗೂ ಅರ್ಧಂಬರ್ಧ ಬರುವ ಇಂಗ್ಲಿಷಿನಲ್ಲಿ. ಆದರೆ 'ಅಕ್ಕ' ಎನ್ನುವುದು ಮಾತ್ರ ತಾನಾಗಿ ನಾಲಿಗೆಗೆ ಬಂದಿತ್ತು. ಅವಳು ಅದರ ಅರ್ಥ ಕೇಳಿ ತಿಳಿದುಕೊಂಡು ನಕ್ಕಳು. ಹಳೇ ಬಟ್ಟೆಯ ಚೂರು ತಂದು ತರಕಾರಿಯ ಸೌಟಿಗೆ ಕಟ್ಟಲು ಹೋದಳು.

"ಬಟ್ಟೆ ಬೇಡ, ಕೊಳೆ ಹಿಡಿಯುತ್ತೆ."

ಅವಳು ಮಾರನೇ ದಿನ ಕರೆಂಟಿನವನ ಹತ್ತಿರ ಕೆಂಪು ಟೇಪು ಇಸಿದುಕೊಂಡು ಹಿಡಿಗೆ ಸುತ್ತಿದಳು. ಡಾಕ್ಟರು ನಿರಾಳವಾಗಿ ಊಟ ಮಾಡತೊಡಗಿದರು. ಹದಿನೈದು ದಿನದಲ್ಲಿ ಇಡೀ ಹಾಸ್ಟೆಲು, ನಾಲ್ಕಾರು ದೇಶದವರೆಲ್ಲ, ಅವಳನ್ನು ಅಕ್ಕ ಎಂದೇ ಕರೆಯುವಂತಾಯಿತು.

ಒಂದು ಮಧ್ಯಾಹ್ನ ಮೂರು ಗಂಟೆಗೆ ಕುಡಿಯಲು ಬಿಸಿನೀರು ಕೇಳಲು ಅವನು ಅಡುಗೆಮನೆಯ ಹಿಂಬಾಗಿಲಿಗೆ ಹೋದ. ಎಲ್ಲರಿಗೂ ಬಡಿಸಿ ಮುಗಿಸಿದ ಅಕ್ಕ ತಾನು ಊಟಕ್ಕೆ ಕೂತಿದ್ದಳು. ಕೆಂಡದ ಮೇಲಿನಿಂದ ಎಲೆಯ ಪೊಟ್ಟಣವೊಂದನ್ನು ತೆಗೆದು ಬಿಡಿಸಿದಾಗ ಹಬೆಯೆದ್ದಿತು. ಕಾಯಿಹಾಲು, ಹಸಿಮೆಣಸು, ಯಾವುದೋ ಹುಳಿಹಣ್ಣು, ಸುಟ್ಟ ಎಲೆಯ ಘಮ. ಅವನು ಕರವಸ್ತ್ರಕ್ಕೆಂದು ಜೇಬಿಗೆ ಕೈ ಹಾಕಿದವನು ಹಾಗೇ ನಿಂತ. ಊಟದ ಹೊತ್ತಿಗೆ ಎದುರಿಗೆ ನಿಂತವರನ್ನು ಕರೆಯುವ ಹಾಗೆ ಅವಳು ಕರೆದಳು.

"ಒಂದು ಚೂರು?"

ಬೇಡ ಎನ್ನಬೇಕೆಂದು ಬಾಯಿ ತೆರೆದ. ಮಾತಿನ ಬದಲು ಬಾಯಲ್ಲಿ ನೀರೂರಿತು. ಅವಳು ಮುಳ್ಳು ಬಿಡಿಸಿ, ಬಿಸಿ ಅನ್ನದ ಮೇಲೆ ಒಂದು ತುಂಡು ಇಟ್ಟು ಕೊಟ್ಟಳು. ನಾಲಿಗೆಯ ಮೇಲಿಡುತ್ತಲೇ ಅದು ಬೆಣ್ಣೆಯ ಹಾಗೆ ಬಿಚ್ಚಿಕೊಂಡಿತು. ಅವನಿಗೆ ಸಿಟ್ಟು ಬಂದಂತಾಯಿತು, ಇಷ್ಟು ವರ್ಷ ಇದನ್ನು ತನ್ನಿಂದ ಮುಚ್ಚಿಟ್ಟವರ ಮೇಲೆಲ್ಲ. ಎರಡನೇ ಸಲ ಅವನೇ ತಟ್ಟೆ ಮುಂದೆ ಹಿಡಿದ.

ಅಂದಿನಿಂದ ಮೂರು ಗಂಟೆಯಾದರೆ ಕಾಲು ತಾನಾಗಿ ಆ ಕಡೆ ಎಳೆಯುತ್ತಿತ್ತು. "ಚರಂಡಿ ಸ್ವಲ್ಪ ನೋಡ್ಕೊಂಡು ಬರ್ತೀನಿ," ಎಂದು ಎದ್ದು ಹೋಗುತ್ತಿದ್ದ. ಲೆಕ್ಕದಯ್ಯ ಒಮ್ಮೆ, "ಅದೇನ್ರೀ, ಆ ಚರಂಡಿ ನಿಮ್ಮ ಬೀಗರದಾ?" ಎಂದು ಕೇಳಿಯೂಬಿಟ್ಟ. ಕಟ್ಟೆಯ ಪಕ್ಕದ ಕುಳ್ಳ ಸ್ಟೂಲಿನ ಮೇಲೆ ಕೂತು ಅವನು ಸಣ್ಣ ಮೀನು, ದೊಡ್ಡ ಮೀನು, ಹುರಿದದ್ದು, ಬೇಯಿಸಿದ್ದು, ಬಾಳೆಕಾಯಿಯ ಜತೆಗೆ ಕುದಿಸಿದ್ದು, ಎಲ್ಲದರ ರುಚಿ ಕಲಿತ. ಮುಳ್ಳು ಬಿಡಿಸುವುದನ್ನು ಅಕ್ಕನೇ ಕಲಿಸಿದಳು. "ನನ್ನನ್ನ ಅಕ್ಕ ಅಂತೀಯ. ನಿನ್ನನ್ನ ನಾನು ಏನಂತ ಕರೀಬೇಕು?" ಎಂದು ಕೇಳಿ, "ತಮ್ಮ" ಎನ್ನುವುದನ್ನು ಕಲಿತು, ಅದನ್ನು 'ತಂಬಾ' ಎಂದು ಮಾಡಿಕೊಂಡಳು.

ಫೋನಿನಲ್ಲಿ ಹೆಂಡತಿ ದಿನವೂ ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ಊಟ ಸೇರ್ತಾ ಇದ್ಯಾ?"

"ಏನೋ, ಅನ್ನ ಮಜ್ಜಿಗೆ ತಿಂದ್ಕೊಂಡು ಇದೀನಿ."

"ಪಾಪ. ಸೊರಗಿ ಹೋಗಿದೀರೇನೋ. ಉಪ್ಪಿನಕಾಯಿ ಖಾಲಿಯಾಗಿದ್ರೆ ಕಳಿಸ್ತೀನಿ ಇರಿ."

ಅವನು ಬೆಲ್ಟನ್ನು ಆಗಲೇ ಎರಡು ತೂತು ಸಡಿಲಿಸಿದ್ದ. ಆ ಮಾತು ಕೇಳಿದಾಗಲೆಲ್ಲ ಎದೆಯಲ್ಲಿ ಸಣ್ಣದೊಂದು ಚುಚ್ಚು. ಮೂರು ಗಂಟೆಯಾಗುತ್ತಲೇ ಅದು ಮಾಯ.

"ಅಕ್ಕ, ಇದು ಯಾರಿಗೂ ಗೊತ್ತಾಗಬಾರದು," ಎಂದು ಒಂದು ದಿನ ಅವನು ಹೇಳಿದ. "ಅದರಲ್ಲೂ ಡಾಕ್ಟರಿಗೆ."

"ಊಟ ಮಾಡೋದು ಕಳ್ಳತನವಾ?"

"ನಮ್ಮ ಮನೇಲಿ ಹಾಗೇನೇ."

ಅವಳಿಗೆ ಅರ್ಥವಾಯಿತೋ ಇಲ್ಲವೋ, "ಸರಿ. ನನ್ನ ಬಾಯಿಂದ ಬರಲ್ಲ," ಎಂದಳು. ನಿಜಕ್ಕೂ ವಿದ್ಯಾರ್ಥಿಗಳು ಅಡುಗೆಮನೆಯೊಳಗೆ ಹೋಗಬಾರದೆಂದು ಹಾಸ್ಟೆಲಿನ ನಿಯಮವೇ ಇತ್ತು, ಯಾರೂ ಅಷ್ಟಾಗಿ ಪಾಲಿಸದಿದ್ದರೂ. ಅವನನ್ನು ಕೂರಿಸಿಕೊಂಡದ್ದಕ್ಕೆ ಅವಳಿಗೂ ತೊಂದರೆಯಾಗಬಹುದಿತ್ತು. ಅದನ್ನು ಅವಳು ಎಂದೂ ಆಡಲಿಲ್ಲ, ಅವನು ಎಂದೂ ಕೇಳಲಿಲ್ಲ.

ಹೀಗೆ ಏಳು ತಿಂಗಳು ಕಳೆದವು. ಒಂದು ಬುಧವಾರ ಬೆಳಗಿನ ಪಾಠ ಬೇಗ ಮುಗಿಯಿತು. ಊಟಕ್ಕೆ ಇನ್ನೂ ಅರ್ಧ ಗಂಟೆ ಇತ್ತು. ಮೂರರ ತನಕ ಕಾಯುವ ತಾಳ್ಮೆಯಿಲ್ಲದೆ ಅವನು ಹಿಂಬಾಗಿಲಿನಿಂದ ನುಸುಳಿದ. ಅಕ್ಕ ಬಿಸಿಬಿಸಿ ಅನ್ನಕ್ಕೆ ಮೀನಿನ ಸಾರು ಹಾಕಿ ಕೊಟ್ಟು, "ತಿಂತಾ ಇರು, ಸೊಪ್ಪು ತೊಳ್ಕೊಂಡು ಬರ್ತೀನಿ," ಎಂದು ಹಿತ್ತಲಿನ ನಲ್ಲಿಗೆ ಹೋದಳು. ನಾಲ್ಕು ತುತ್ತಿಗೆ ಸಾರು ಮುಗಿಯಿತು. ಇನ್ನೊಂದು ಸ್ವಲ್ಪ ಹಾಕಿಕೊಳ್ಳೋಣವೆಂದು ಅವನೇ ಎದ್ದು ಮೀನಿನ ಸೌಟು ತುಂಬಾ ಸಾರು ತೆಗೆದ. ಅಷ್ಟರಲ್ಲಿ ಊಟದ ಹಾಲಿನ ಕಡೆಯಿಂದ ಡಾಕ್ಟರ ದನಿ ಕೇಳಿಸಿತು.

"ಅಕ್ಕಾ, ಬಿಸಿನೀರು ಇದ್ಯಾ?"

ಗಾಬರಿಯಲ್ಲಿ ಸೌಟನ್ನು ಕೈಗೆ ಹತ್ತಿರವಿದ್ದ ಪಾತ್ರೆಯೊಳಗೆ ಅದ್ದಿದ. ಅದ್ದಿದ ಮೇಲೆ ಕಂಡದ್ದು, ಅದು ಬೇಳೆಯ ಪಾತ್ರೆ. ಸರಕ್ಕನೆ ಸೌಟು ಎತ್ತಿ ಮೀನಿನ ಪಾತ್ರೆಗೆ ಹಾಕಿ, ತಟ್ಟೆಯನ್ನು ಅಕ್ಕಿಮೂಟೆಯ ಹಿಂದೆ ತಳ್ಳಿ, ಪ್ಯಾಂಟಿಗೆ ಕೈ ಒರೆಸಿಕೊಂಡು ಚರಂಡಿಯ ಜಾಲರಿಯ ಹತ್ತಿರ ಕುಕ್ಕರುಗಾಲಿನಲ್ಲಿ ಕೂತ. ಡಾಕ್ಟರು ಒಳಗೆ ಇಣುಕಿದರು.

"ಓಹೋ, ಇಲ್ಲಿದೀರಾ. ರಜೆ ಇಲ್ಲದ ಮನುಷ್ಯ ಕಣ್ರೀ ನೀವು."

"ನೀರು ಕಟ್ಕೊಂಡಿತ್ತು ಸಾರ್."

ಡಾಕ್ಟರು ಮೆಚ್ಚಿಕೆಯಿಂದ ಹೆಗಲ ಮೇಲೆ ಕೈ ಹಾಕಿ ಅವನನ್ನು ಹೊರಗೆ ಕರೆದುಕೊಂಡು ಹೋದರು. ಆಮೇಲೆ ಊಟಕ್ಕೆ ಇಪ್ಪತ್ತು ನಿಮಿಷ ಇತ್ತು. ಮುಖ ತೊಳೆಯುವ ನೆಪದಲ್ಲಿ ಹೋಗಿ, "ಅಕ್ಕ, ಆ ಬೇಳೆ ಬಡಿಸಬೇಡಿ," ಎಂದು ಒಂದು ಮಾತು ಹೇಳಬಹುದಿತ್ತು. ಏನೂ ಬಿದ್ದಿರಲಿಕ್ಕಿಲ್ಲ, ಒಂದು ಕ್ಷಣ ಮುಳುಗಿಸಿದ್ದು ಅಷ್ಟೇ, ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಆ ಇಪ್ಪತ್ತು ನಿಮಿಷ ಕಳೆದ. ಆದರೂ ಊಟಕ್ಕೆ ಕೂತಾಗ ತಾನು ಮಾತ್ರ ಬೇಳೆ ಹಾಕಿಸಿಕೊಳ್ಳಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದ.

ಡಾಕ್ಟರು ಮೂರನೇ ತುತ್ತಿಗೆ ನಿಂತರು. ಬಾಯಿಂದ ಎರಡು ಬೆರಳಿನಲ್ಲಿ ಏನನ್ನೋ ತೆಗೆದು ತಟ್ಟೆಯ ಅಂಚಿಗೆ ಇಟ್ಟರು. ಕೂದಲಿನಷ್ಟು ತೆಳ್ಳನೆಯ ಮುಳ್ಳು, ಅದಕ್ಕಂಟಿದ ಬೆಳ್ಳನೆಯ ಎಸಳು. ಕೂಗಾಡಲಿಲ್ಲ. ಎದ್ದು ಹೋಗಿ ತುಂಬ ಹೊತ್ತು ಬಾಯಿ ಮುಕ್ಕಳಿಸಿದರು. ವಾಪಸು ಬಂದಾಗ ಅವರ ಮುಖ ಮನೆಯಲ್ಲಿ ಸಾವಾದವರ ಮುಖದ ಹಾಗಿತ್ತು. "ಐವತ್ತೆರಡು ವರ್ಷ ಆಯ್ತು," ಎಂದಷ್ಟೇ ಹೇಳಿ ಕೋಣೆಗೆ ಹೋದರು. ಅಂದು, ಮರುದಿನ, ಏನೂ ತಿನ್ನಲಿಲ್ಲ.

ಮುಳ್ಳು ಸಿಕ್ಕಿದ ದಿನವೇ ಸಂಜೆ ವಾರ್ಡನ್ ತನ್ನ ಆಫೀಸಿಗೆ ಸಂಬಂಧಪಟ್ಟವರನ್ನೆಲ್ಲ ಕರೆಸಿದ. ಡಾಕ್ಟರು ಬರಲಿಲ್ಲ, ಅವರ ಪರವಾಗಿ ಲೆಕ್ಕದಯ್ಯ ಬಂದ. ಮೇಜಿನ ಈಚೆ ಅಕ್ಕ ಕೈ ಕಟ್ಟಿ ನಿಂತಿದ್ದಳು. ಮುಂಗೈಗೆ ಇನ್ನೂ ಹಿಟ್ಟು ಮೆತ್ತಿತ್ತು.

"ಅಡುಗೆಮನೆಗೆ ನೀನಲ್ಲದೆ ಬೇರೆ ಯಾರಾದ್ರೂ ಬರ್ತಾರಾ?" ವಾರ್ಡನ್ ಕೇಳಿದ.

ಅಕ್ಕ ಒಂದು ಗಳಿಗೆ ಇನ್‌ಸ್ಪೆಕ್ಟರನ ಮುಖ ನೋಡಿದಳು. ಬೇಡಿಕೊಳ್ಳುವ ನೋಟವಲ್ಲ ಅದು, ಬೆದರಿಸುವುದೂ ಅಲ್ಲ. ಮಾತಾಡುವ ಸರದಿ ನಿನ್ನದು ಎನ್ನುವಂತಿತ್ತು. ಅವನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದ.

"ಇಲ್ಲ," ಎಂದಳು ಅಕ್ಕ. "ನಾನೊಬ್ಬಳೇ." ಚರಂಡಿ ನೋಡಲು ಹೋಗುವವನ ಮೇಲೆ ಲೆಕ್ಕದಯ್ಯನಿಗೂ ಅನುಮಾನ ಬರಲಿಲ್ಲ.

ವಾರ್ಡನ್ ಇನ್‌ಸ್ಪೆಕ್ಟರನ ಕಡೆ ತಿರುಗಿದ. "ಇದು ನಿಮ್ಮ ವೃತ್ತಿ. ನೋಡಿ ಅರ್ಧ ಪುಟ ಬರೆದು ಕೊಡಿ. ನಿಮ್ಮ ಮಾತಿನ ಮೇಲೆ ತೀರ್ಮಾನ ಮಾಡ್ತೀನಿ."

ಅವನು ಬರೆದ. ಹನ್ನೆರಡು ವರ್ಷದ ಕೈ, ಅಕ್ಷರ ಒಂದೂ ಅಲುಗಲಿಲ್ಲ. 'ಎರಡೂ ಬಗೆಯ ಅಡುಗೆಗೆ ಒಂದೇ ಸೌಟು ಬಳಕೆಯಾಗಿರುವ ಸಂಭವವಿದೆ' ಎಂದು ಬರೆದ. 'ಸಂಭವವಿದೆ' ಎಂಬ ಶಬ್ದ ಸಿಕ್ಕಿದಾಗ ಅವನಿಗೆ ಒಳಗೊಳಗೇ ಸಮಾಧಾನವಾಯಿತು. ಸುಳ್ಳಂತೂ ಅಲ್ಲವಲ್ಲ. ಯಾರು ಬಳಸಿದರು ಎಂದು ಯಾರೂ ಕೇಳಿರಲಿಲ್ಲ. ಸಹಿಯ ಕೆಳಗೆ ತನ್ನ ಹುದ್ದೆಯನ್ನೂ ಬರೆದ.

ಶನಿವಾರ ನೋಟೀಸು ಬೋರ್ಡಿನ ಮೇಲೆ ಗುತ್ತಿಗೆ ರದ್ದಾದ ಕಾಗದ ಅಂಟಿಸಿದರು. 'ನೈರ್ಮಲ್ಯದ ಕೊರತೆಯಿಂದಾಗಿ' ಎಂದಿತ್ತು. ಪಾತ್ರೆಗಳೆಲ್ಲ ಅಕ್ಕನವೇ. ಅವಳೂ ಅವಳ ಮಗನೂ ಕೈಗಾಡಿಗೆ ಒಂದೊಂದಾಗಿ ಹೇರಿದರು. ಮೇಲಿನ ಮಹಡಿಯ ಕಿಟಕಿಯಿಂದ ಅವನಿಗೆ ಪಾತ್ರೆಗಳ ಸದ್ದು ಕೇಳಿಸಿತು. ಇಳಿದು ಹೋಗಿ ಒಂದು ಪಾತ್ರೆ ಎತ್ತಿ ಕೊಡೋಣ ಎನಿಸಿತು. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ, ಗಾಡಿಯ ಸದ್ದು ನಿಲ್ಲುವ ತನಕ ಅಲ್ಲೇ ನಿಂತ.

ಹೊಸ ಗುತ್ತಿಗೆದಾರನ ಊಟ ತಗಡಿನ ಡಬ್ಬಿಗಳಲ್ಲಿ ಬರತೊಡಗಿತು. ಎಲ್ಲದಕ್ಕೂ ಒಂದೇ ಬಣ್ಣ, ಒಂದೇ ರುಚಿ. ನಾಲ್ಕು ದಿನ ಕಳೆದ ಮೇಲೆ ಡಾಕ್ಟರೇ, "ಏನೇ ಹೇಳಿ, ಆಕೆಯ ಕೈರುಚಿ ದೊಡ್ಡದು ಕಣ್ರೀ. ಅದೊಂದು ಎಡವಟ್ಟು ಆಗದೇ ಇದ್ದಿದ್ರೆ," ಎಂದರು. ಇನ್‌ಸ್ಪೆಕ್ಟರನಿಗೆ ಅಂದಿನ ಊಟ ಅಷ್ಟಕ್ಕೇ ಮುಗಿಯಿತು. ಹೆಂಡತಿ ಫೋನಿನಲ್ಲಿ ಊಟ ಸೇರುತ್ತಿದೆಯೇ ಎಂದು ಕೇಳಿದಾಗ, ಇಲ್ಲ ಎಂದ. ಏಳು ತಿಂಗಳಲ್ಲಿ ಮೊದಲ ಬಾರಿ ಅದು ನಿಜವಾಗಿತ್ತು.

ಎರಡು ತಿಂಗಳಾದ ಮೇಲೆ ಕೋರ್ಸಿನ ಭಾಗವಾಗಿ ಬೀದಿ ಬದಿಯ ಊಟದ ಗಾಡಿಗಳ ಸಮೀಕ್ಷೆ ಬಂತು. ಇಬ್ಬಿಬ್ಬರಿಗೆ ಒಂದು ಪ್ರದೇಶ. ಅವನಿಗೂ ಲೆಕ್ಕದಯ್ಯನಿಗೂ ಬಸ್ ನಿಲ್ದಾಣ ಬಿತ್ತು. ಬಿಸಿಲು ನೆತ್ತಿ ಸುಡುತ್ತಿತ್ತು. ಹನ್ನೊಂದನೆಯ ಗಾಡಿಯ ಮುಂದೆ ನಿಂತು ಅವನು ಹಾಳೆ ತಿರುವಿ, "ಗಾಡಿ ಯಾರದು?" ಎಂದು ತಲೆಯೆತ್ತದೆ ಕೇಳಿದ.

"ನಂದು ಸಾರ್."

ಅಕ್ಕ. ಪ್ಲಾಸ್ಟಿಕ್ ಹಾಳೆಯ ಮಾಡಿನ ಕೆಳಗೆ, ಅವವೇ ಪಾತ್ರೆಗಳ ಹಿಂದೆ. ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು. 'ತಂಬಾ' ಅಲ್ಲ, 'ಸಾರ್' ಎಂದಿದ್ದಳು. ಅವನು ಮತ್ತೆ ಹಾಳೆಯ ಮೇಲೆ ಕಣ್ಣಿಟ್ಟ. ಲೆಕ್ಕದಯ್ಯ ಮಾತ್ರ, "ಅರೆ, ಅಕ್ಕ! ಚೆನ್ನಾಗಿದೀರಾ?" ಎಂದು ಹಲ್ಲು ಕಿರಿದು, ಅವನ ಕೈಯಿಂದ ಹಾಳೆ ತೆಗೆದುಕೊಂಡು ತಾನೇ ಕೇಳತೊಡಗಿದ. ನೀರು ಎಲ್ಲಿಯದು, ತಟ್ಟೆ ಎಷ್ಟು ಸಲ ತೊಳೆಯುತ್ತೀರಿ, ಕಸ ಎಲ್ಲಿಗೆ ಹಾಕುತ್ತೀರಿ. ಅವಳು ಶಾಲೆಯ ಮಗುವಿನ ಹಾಗೆ ನೆಟ್ಟಗೆ ನಿಂತು ಒಂದೊಂದಕ್ಕೂ ಉತ್ತರ ಕೊಟ್ಟಳು. ಕೇಳದೆಯೇ ಎರಡು ಸೌಟು ಎತ್ತಿ ತೋರಿಸಿದಳು. ಒಂದರ ಹಿಡಿಗೆ ಹೊಸ ಕೆಂಪು ಟೇಪು.

"ಹಿಂದೆ ಎಲ್ಲಿ ಕೆಲಸ ಮಾಡಿದ್ರಿ ಅಂತ ಬರೀಬೇಕು. ಅದು ನಮಗೇ ಗೊತ್ತು ಬಿಡಿ," ಎಂದ ಲೆಕ್ಕದಯ್ಯ. "ಬಿಟ್ಟಿದ್ದಕ್ಕೆ ಕಾರಣ ಅಂತ ಒಂದಿದೆ. ಅದನ್ನ ಖಾಲಿ ಬಿಡೋಣ."

"ಯಾಕೆ ಸಾರ್ ಖಾಲಿ? ಬರ್ಕೊಳ್ಳಿ," ಎಂದಳು ಅಕ್ಕ. "ಸೌಟು ಬೆರೆಸಿದಳು ಅಂತ ತೆಗೆದುಹಾಕಿದ್ರು."

ಲೆಕ್ಕದಯ್ಯ ಬರೆದುಕೊಂಡ. ಕೆಳಗೆ ಇಬ್ಬರ ಸಹಿಯೂ ಬೇಕಿತ್ತು. ಇನ್‌ಸ್ಪೆಕ್ಟರ್ ಆ ಹಾಳೆಗೆ ಸಹಿ ಹಾಕಿದ; ಈ ಸಲ ಹುದ್ದೆ ಬರೆಯಲಿಲ್ಲ.

ಮಾರನೇ ದಿನ ಬೆಳಿಗ್ಗೆ ತರಗತಿ ತಪ್ಪಿಸಿ ಒಬ್ಬನೇ ಹೋದ. ಬಸ್ಸುಗಳ ಭರಾಟೆ ಇನ್ನೂ ಶುರುವಾಗಿರಲಿಲ್ಲ. ಅಕ್ಕ ಈರುಳ್ಳಿ ಹೆಚ್ಚುತ್ತಿದ್ದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಗಿ, "ಅಕ್ಕ, ಅವತ್ತು ಸೌಟು ಅದ್ದಿದ್ದು ನಾನು," ಎಂದುಬಿಟ್ಟ.

ಅವಳ ಚಾಕು ನಿಲ್ಲಲಿಲ್ಲ. "ಗೊತ್ತು."

"ಗೊತ್ತಾ?"

"ಎರಡು ಪಾತ್ರೆ ನಡುವೆ ಕಟ್ಟೆ ಮೇಲೆ ಸಾರಿನ ಹನಿ ಬಿದ್ದಿತ್ತು. ಚೆಲ್ಕೊಂಡಿದೀರಿ ಅಂತ ಒರೆಸಿದೆ. ಬೇಳೇಲಿ ಮುಳ್ಳು ಸಿಕ್ತು ಅಂದಾಗ ಅರ್ಥ ಆಯ್ತು. ಅಕ್ಕಿಮೂಟೆ ಹಿಂದೆ ತಟ್ಟೆನೂ ಸಿಕ್ತು. ನಾನು ಅಡುಗೆ ಮಾಡೋಳು ಸಾರ್, ಕುರುಡಿ ಅಲ್ಲ."

"ಮತ್ತೆ ವಾರ್ಡನ್ ಕೇಳಿದಾಗ ಯಾಕೆ ಹೇಳ್ಲಿಲ್ಲ?"

"ಹೇಳಲ್ಲ ಅಂತ ನಿಮಗೆ ಮಾತು ಕೊಟ್ಟಿದ್ದೆ. ನೀವೇ ಹೇಳ್ತೀರಿ ಅಂದ್ಕೊಂಡೆ. ಅವತ್ತು ಹೇಳ್ತೀರಿ ಅಂದ್ಕೊಂಡೆ, ಮಾರನೇ ದಿನ ಹೇಳ್ತೀರಿ ಅಂದ್ಕೊಂಡೆ. ಗಾಡಿಗೆ ಪಾತ್ರೆ ತುಂಬೋವಾಗ್ಲೂ ಮೇಲೆ ಕಿಟಕಿ ನೋಡ್ತಾನೇ ಇದ್ದೆ." ಹೆಚ್ಚಿದ ಈರುಳ್ಳಿಯನ್ನು ಬೋಗುಣಿಗೆ ದಬ್ಬಿದಳು. "ನನ್ನ ಸೊಸೆ ಈಗ ನಾನು ಮಾಡಿದ್ದನ್ನ ಮಗುಗೆ ತಿನ್ನಿಸೋ ಮೊದಲು ಮೂಸಿ ನೋಡ್ತಾಳೆ. ಬಾಯಿಬಿಟ್ಟು ಏನೂ ಅನ್ನಲ್ಲ. ಮೂಸಿ ನೋಡ್ತಾಳೆ."

ಅವನಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು. "ತಪ್ಪಾಯ್ತು ಅಕ್ಕ," ಎಂದ. ಆ ಮಾತು ತನ್ನ ಕಿವಿಗೇ ಪೊಳ್ಳಾಗಿ ಕೇಳಿಸಿತು.

"ನನಗೆ ಗೊತ್ತಿರೋದನ್ನ ನನಗೇ ಹೇಳಿ ಏನು ಬಂತು ಸಾರ್? ಗೊತ್ತಿಲ್ಲದೋರು ಬೇರೆ ಇದ್ದಾರೆ," ಎಂದು ಅವಳು ಒಲೆ ಹೊತ್ತಿಸಲು ಬಗ್ಗಿದಳು.

ಹಾಸ್ಟೆಲಿಗೆ ವಾಪಸಾಗುವ ಬಸ್ಸಿನಲ್ಲಿ ಅವನು ತನ್ನ ಸ್ಟಾಪು ಬಿಟ್ಟು ಮುಂದೆ ಹೋಗಿಬಿಟ್ಟ. ನಡೆದುಕೊಂಡು ಬಂದಾಗ ಡಾಕ್ಟರು ಬಾಲ್ಕನಿಯಲ್ಲಿ ಬನಿಯನ್ ಹಾಕಿಕೊಂಡು ಉಗುರು ಕತ್ತರಿಸುತ್ತ ಕೂತಿದ್ದರು. ಅವನು ನಿಂತುಕೊಂಡೇ ಎಲ್ಲ ಹೇಳಿದ. ಮೊದಲ ತುಂಡಿನಿಂದ 'ಸಂಭವವಿದೆ' ಎಂಬ ಶಬ್ದದ ತನಕ. ಹೇಳುವಾಗ ಡಾಕ್ಟರ ಮುಖ ನೋಡಲಾಗದೆ ಅವರ ಚಪ್ಪಲಿ ನೋಡುತ್ತಿದ್ದ.

ಡಾಕ್ಟರು ಉಗುರು ಕತ್ತರಿಯನ್ನು ಮಡಿಸಿ ಪಕ್ಕಕ್ಕಿಟ್ಟರು. ಆಮೇಲೆ, "ಮೀನು ತಿಂದಿದ್ದಕ್ಕೆ ನಾನು ನಿಮ್ಮ ಮಾವನಿಗೆ ಹೇಳ್ತೀನಿ ಅಂತ ಹೆದರಿದ್ರಾ?" ಎಂದರು.

"ಹೌದು ಸಾರ್."

"ಊರಲ್ಲಿ ನನ್ನ ಮಗ ಅವನ ಕಾಲೇಜು ಹಾಸ್ಟೆಲಲ್ಲಿ ಏನೆಲ್ಲ ತಿಂತಾನೆ ಅಂತ ನನಗೆ ಗೊತ್ತಿಲ್ವೇನ್ರೀ? ಈ ಲೆಕ್ಕದಯ್ಯ ಭಾನುವಾರ ಭಾನುವಾರ ಪೇಟೆಗೆ ಹೋಗಿ ಕೋಳಿ ತಿಂದು ಏಲಕ್ಕಿ ಅಗೀತಾ ಬರೋದು ನನ್ನ ಮೂಗಿಗೆ ಬಡಿಯಲ್ವಾ? ನಿಮ್ಮ ನಾಲಿಗೆ ನಿಮ್ಮದು. ನನಗೇನ್ರೀ ಅದರಿಂದ?" ಅವರು ಬಿದ್ದ ಉಗುರಿನ ಚೂರುಗಳನ್ನು ಅಂಗೈಗೆ ಗುಡಿಸಿಕೊಂಡರು. "ನನ್ನ ಬಾಯಿಗೆ ಬಿದ್ದದ್ದನ್ನ ಮುಕ್ಕಳಿಸಿ ಉಗಿದೆ, ಅದು ಹೋಯ್ತು. ಏನೂ ಮಾಡದ ಹೆಂಗಸಿನ ಅನ್ನ ಕಿತ್ಕೊಂಡ್ವಲ್ಲ, ನನ್ನ ಹೆಸರಲ್ಲೇ ಕಿತ್ಕೊಂಡಿದ್ದು, ಅದನ್ನ ಯಾವ ನೀರಲ್ಲಿ ತೊಳೀಲಿ ಹೇಳಿ?"

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಡಾಕ್ಟರು ಎದ್ದು ಅಂಗಿ ಹಾಕಿಕೊಂಡರು. "ನಡೀರಿ ವಾರ್ಡನ್ ಹತ್ರ. ನಾನೂ ಬರ್ತೀನಿ. ಮಾತಾಡೋದು ಮಾತ್ರ ನೀವೇ."

ವಾರ್ಡನ್ ಅದೇ ಫೈಲು ತೆಗೆಸಿದ. ಅವನ ಹಳೆಯ ಅರ್ಧ ಪುಟದ ಹಿಂದೆಯೇ ಹೊಸದಾಗಿ ಬರೆಸಿದ. ಈ ಸಲ ಅಕ್ಷರ ಅಂಕುಡೊಂಕಾಯಿತು, ಸಂಭವವಿದೆ ಎನ್ನುವ ಜಾಗದಲ್ಲಿ 'ನಾನು' ಎಂದು ಬರೆಯಬೇಕಾಗಿತ್ತು. ಹೊಸ ಗುತ್ತಿಗೆಯನ್ನು ವರ್ಷ ಮುಗಿಯುವ ತನಕ ಮುರಿಯುವ ಹಾಗಿಲ್ಲ, ಮುಂದಿನ ವರ್ಷಕ್ಕೆ ಆಕೆಯನ್ನು ಕರೆಯುತ್ತೇನೆ ಎಂದ ವಾರ್ಡನ್. ನೋಟೀಸು ಬೋರ್ಡಿನಲ್ಲಿ ತಿದ್ದುಪಡಿ ಬಂತು: ಅಡುಗೆಯವಳ ತಪ್ಪಿರಲಿಲ್ಲ, ನಿಯಮ ಮೀರಿ ಒಳಗೆ ಹೋದ ವಿದ್ಯಾರ್ಥಿಯೊಬ್ಬರಿಂದ ಆದದ್ದು. ಹೆಸರು ಹಾಕಿರಲಿಲ್ಲ. ಹಾಕುವ ಅಗತ್ಯವೂ ಇರಲಿಲ್ಲ. ಊಟದ ಹಾಲಿಗೆ ಅವನು ಕಾಲಿಟ್ಟರೆ ಮಾತು ಒಂದು ಕ್ಷಣ ನಿಂತು ಮತ್ತೆ ಶುರುವಾಗುತ್ತಿತ್ತು. ಅವನ ಪಕ್ಕದ ಕುರ್ಚಿ ಖಾಲಿ ಉಳಿಯತೊಡಗಿತು. ಲೆಕ್ಕದಯ್ಯ ಕೂಡ ನಾಲ್ಕು ದಿನ ಶೇಕಡಾ ಮರೆತ.

ಹೆಂಡತಿಗೆ ಅವನೇ ಹೇಳಿದ, ಬೇರೆಯವರಿಂದ ಗೊತ್ತಾಗುವ ಮೊದಲು. ಮೀನಿನ ಮಾತಿಗೆ ಅವಳು ಬರೀ ಹೂಂ ಎಂದಳು. ಅಕ್ಕನ ಮಾತು ಬಂದಾಗ ಕೇಳಿದಳು:

"ಆಯಮ್ಮ ನಿಮ್ಮ ಹೆಸರು ಹೇಳ್ಲೇ ಇಲ್ವಾ?"

"ಇಲ್ಲ."

"ನಾನು ಇಲ್ಲಿ ದಿನಾ ನಿಮಗೆ ಊಟ ಸೇರಲ್ಲ ಅಂತ ತುತ್ತು ಎತ್ತೋವಾಗೆಲ್ಲ ಸಂಕಟಪಟ್ಟೆ," ಎಂದಳು. ಜಗಳಕ್ಕೆ ನಿಲ್ಲಲಿಲ್ಲ. "ಇಡ್ತೀನಿ, ಒಲೆ ಮೇಲೆ ಹಾಲಿದೆ," ಎಂದು ಫೋನು ಇಟ್ಟಳು. ಅದು ಹಾಲು ಕಾಯಿಸುವ ಹೊತ್ತಲ್ಲ ಎಂದು ಅವನಿಗೆ ಗೊತ್ತಿತ್ತು.

ವಾರ್ಡನ್ನಿನ ಸಹಿ ಮತ್ತು ಮೊಹರಿದ್ದ ಕಾಗದ ಹಿಡಿದು ಅವನೂ ಡಾಕ್ಟರೂ ಬಸ್ ನಿಲ್ದಾಣಕ್ಕೆ ಹೋದರು. ಡಾಕ್ಟರು ಎರಡೂ ಕೈ ಮುಗಿದರು. "ತಿಳೀದೆ ತಪ್ಪಾಯ್ತಮ್ಮ," ಎಂದರು ಕನ್ನಡದಲ್ಲಿಯೇ. ಅಕ್ಕನಿಗೆ ಅದು ಅರ್ಥವಾಯಿತು. ಸೆರಗಿನಂಥ ಮೇಲುಬಟ್ಟೆಯಿಂದ ಕೈ ಒರೆಸಿಕೊಂಡು ಅವರಿಗೆ ಕೂರಲು ಸ್ಟೂಲು ಎಳೆದುಕೊಟ್ಟಳು. ಕಾಗದವನ್ನು ನಿಧಾನವಾಗಿ ಎರಡು ಸಲ ಓದಿದಳು. ಮುಂದಿನ ವರ್ಷ ಬರುತ್ತೀರಾ ಎಂದು ಡಾಕ್ಟರು ಕೇಳಿದಾಗ ತಲೆಯಲ್ಲಾಡಿಸಿದಳು.

"ಅಲ್ಲಿ ಇನ್ನು ನಾನು ಸೌಟು ಎತ್ತಿದಾಗೆಲ್ಲ ಯಾರೋ ಒಬ್ರು ಸೌಟು ನೋಡ್ತಾರೆ ಸಾರ್. ಇಲ್ಲಿ ಬರೋರು ಬಸ್ಸು ನೋಡ್ತಾರೆ. ಇದೇ ಸಾಕು. ಈ ಕಾಗದ ಮಾತ್ರ ಸೊಸೆಗೆ ಓದಿ ಹೇಳ್ತೀನಿ." ಮಡಿಸಿ ರವಿಕೆಯೊಳಗೆ ಇಟ್ಟುಕೊಂಡಳು.

ಡಾಕ್ಟರಿಗೆ ಅನ್ನ, ಬೇಳೆ ಬಡಿಸಿದಳು. ಕೆಂಪು ಹಿಡಿಯ ಸೌಟಿನಲ್ಲೇ. ಡಾಕ್ಟರು ಕಣ್ಣು ಮುಚ್ಚಿ ಮೊದಲ ತುತ್ತು ನುಂಗಿ, ಪೂರ್ತಿ ಉಂಡರು. ಇನ್‌ಸ್ಪೆಕ್ಟರ್ ತಟ್ಟೆ ಹಿಡಿದು ನಿಂತಾಗ ಅವನಿಗೂ ಅದನ್ನೇ ಹಾಕಿದಳು. ಪಕ್ಕದ ಪಾತ್ರೆಯಿಂದ ಹಬೆಯಾಡುತ್ತಿತ್ತು; ಕಾಯಿಹಾಲಿನ, ಹುಳಿಹಣ್ಣಿನ ಘಮ. ಅವನ ಕಣ್ಣು ಆ ಕಡೆ ಹೋದದ್ದನ್ನು ಅವಳು ಕಂಡಳು.

"ಮೀನು ಮುಗೀತು ಸಾರ್," ಎಂದು ಮುಚ್ಚಳ ಎಳೆದಳು. ಪಾತ್ರೆ ಅರ್ಧ ತುಂಬಿದ್ದು ಇಬ್ಬರಿಗೂ ಕಂಡಿತ್ತು.

ಕೋರ್ಸು ಮುಗಿಯಲು ಇನ್ನೆರಡು ತಿಂಗಳಿತ್ತು. ಪ್ರತಿ ಶನಿವಾರ ಮಧ್ಯಾಹ್ನ ಅವನು ಬಸ್ ನಿಲ್ದಾಣಕ್ಕೆ ಹೋಗಿ ಎಲ್ಲರ ಜತೆ ಸಾಲಿನಲ್ಲಿ ನಿಲ್ಲುತ್ತಿದ್ದ. ಅವಳು ಅನ್ನ ಬೇಳೆ ಹಾಕುತ್ತಿದ್ದಳು, ಇನ್ನೊಂದು ಸಲ ಬೇಕೇ ಎಂದೂ ಕೇಳುತ್ತಿದ್ದಳು. ಮುಂದೆ ನಿಂತವನಿಗೆ ಮೀನು, ಹಿಂದೆ ನಿಂತವನಿಗೆ ಮೀನು. ಅವನು ಎಂದೂ ಕೇಳಲಿಲ್ಲ. ಕೇಳುವ ಮುಖ ಇರಲಿಲ್ಲ. ಬೇಳೆಯೂ ಬಹಳ ಚೆನ್ನಾಗಿತ್ತು. ಇಷ್ಟು ಚೆನ್ನಾಗಿರುವುದನ್ನು ಏಳು ತಿಂಗಳು ಸರಿಯಾಗಿ ಗಮನಿಸಿಯೇ ಇರಲಿಲ್ಲ ಎಂದು ಅವನಿಗೆ ಅನಿಸುತ್ತಿತ್ತು.

ಕೊನೆಯ ಶನಿವಾರ ತಟ್ಟೆ ತೊಳೆಯುವ ತೊಟ್ಟಿಗೆ ಹಾಕಿ ಬಂದು, "ನಾಳೆ ಹೊರಡ್ತೀನಿ ಅಕ್ಕ," ಎಂದ.

ಅವಳು ಸೌಟು ಕೆಳಗಿಡದೆ ತಲೆಯೆತ್ತಿದಳು. ಅವನ ಮುಖವನ್ನು, ಸಡಿಲವಾದ ಅಂಗಿಯನ್ನು ನೋಡಿದಳು. ಏ‌ನೋ ಹೇಳುತ್ತಾಳೆ ಎಂದು ಅವನು ಕಾದ.

"ಸುಖವಾಗಿ ಹೋಗಿ ಬನ್ನಿ," ಎಂದಳು. ಆಮೇಲೆ, ಒರಟಾಗಿಯೇನಲ್ಲ, "ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ ಸಾರ್. ಹಿಂದೆ ಜನ ಕಾಯ್ತಿದ್ದಾರೆ."

ಅವನು ಪಕ್ಕಕ್ಕೆ ಸರಿದ.